ಪಾದದಿಂದ ನಂದಿಯವರೆಗೆ: ಚಾಮುಂಡಿ ಬೆಟ್ಟದ ಕುರುಚಲು ಕಾಡಿನಲ್ಲೊಂದು ನಡಿಗೆ

ಮೈಸೂರಿನ ಆಗ್ನೇಯಕ್ಕೆ, ಊರಿನ ಅನೇಕ ಬೀದಿಗಳ ಕೊನೆಯಲ್ಲಿ ಮಹಡಿಗಳ ಮೇಲಿಂದ ತಲೆಯೆತ್ತಿ ಕಾಣುವ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಹಾದಿಯಲ್ಲಿ ಹತ್ತುವವರ ಪೈಕಿ ಬಹುಮಂದಿಗೆ ಎರಡೇ ಉದ್ದೇಶಗಳು: ಒಂದು ದೇವಿಯ ದರ್ಶನ, ಇನ್ನೊಂದು ದೇಹಕ್ಕೆ ವ್ಯಾಯಾಮ. ಎರಡೂ ಸಾಧುವಾದ ಉದ್ದೇಶಗಳೇ ಸರಿ. ಆದರೆ ಒಬ್ಬರ ದೃಷ್ಟಿ ಗೋಪುರದಲ್ಲಿಯೂ ಮತ್ತೊಬ್ಬರದು ಕೈಗಡಿಯಾರದಲ್ಲಿಯೂ ನೆಟ್ಟಿರುವುದರಿಂದ, ಹಾದಿಯ ಎರಡು ಮಗ್ಗುಲಿಗೂ ಮುಳ್ಳುಪೊದೆ, ಗಿಡ್ಡಮರ, ಬಂಡೆ, ಹುಲ್ಲುಗಳ ರೂಪದಲ್ಲಿ ಹಬ್ಬಿಕೊಂಡಿರುವ ಕಾಡು ಯಾರ ಗಮನಕ್ಕೂ ಬಾರದೆ ಉಳಿದುಹೋಗುತ್ತದೆ. ಆ ಕಾಡನ್ನು ನೋಡುವುದಕ್ಕಾಗಿಯೇ ಒಂದು ಬೆಳಗನ್ನು ಮೀಸಲಿಡಲು ಮನಸ್ಸುಳ್ಳವರಿಗೆ, ಯಾವ ಕಾಲದಲ್ಲಿ ಹೋಗಬೇಕು, ಎಲ್ಲೆಲ್ಲಿ ನಿಲ್ಲಬೇಕು, ಏನನ್ನು ಗುರುತಿಸಬೇಕು ಎಂಬುದನ್ನು ತಿಳಿಸುವುದಷ್ಟೇ ಈ ಲೇಖನದ ಉದ್ದೇಶ.

ಬೆಟ್ಟದ ಶಿಖರ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಊರಿನಿಂದ ಏರಬೇಕಾದುದು ಸುಮಾರು 300 ಮೀಟರ್ ಮಾತ್ರ. ಮೆಟ್ಟಿಲುಗಳನ್ನು 1664ರಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದರೆಂದು ಹೇಳುತ್ತಾರೆ. ಲೋಕರೂಢಿಯಲ್ಲಿ ಇವು ಸಾವಿರ ಮೆಟ್ಟಿಲು. ಎಣಿಸಿದವರೆಲ್ಲರ ಲೆಕ್ಕವೂ ಒಂದೇ ಆಗಿರುವುದು ಅಪರೂಪ. ಹಾದಿಯ ಮೂರರಲ್ಲೆರಡು ಭಾಗ ಏರಿದ ಮೇಲೆ ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 16 ಅಡಿ ಎತ್ತರದ ನಂದಿಯ ವಿಗ್ರಹ ಸಿಕ್ಕುತ್ತದೆ. ಸಸ್ಯಗಳನ್ನು ನೋಡಹೊರಟವರು ಅಲ್ಲಿಗೇ ನಡಿಗೆಯನ್ನು ಮುಗಿಸುವುದು ಲೇಸು. ಅದರಿಂದಾಚೆಗೆ ಜನ, ಅಂಗಡಿ, ವಾಹನಗಳ ಸದ್ದು ಹೆಚ್ಚುತ್ತ ಹೋಗಿ, ನೋಟದ ಏಕಾಗ್ರತೆ ಕೆಡುತ್ತದೆ.

ಮೊದಲಿಗೆ ಈ ಕಾಡಿನ ಸ್ವರೂಪದ ವಿಷಯವಾಗಿ ಒಂದೆರಡು ಮಾತು ಅವಶ್ಯ. ಏಕೆಂದರೆ ಕಾಡೆಂದೊಡನೆ ಮಲೆನಾಡಿನ ಮುಗಿಲುಮುಟ್ಟುವ ಮರಗಳನ್ನೂ ಅವುಗಳಡಿಯ ಹಗಲುಗತ್ತಲೆಯನ್ನೂ ಕಣ್ಣಮುಂದೆ ತಂದುಕೊಳ್ಳುವ ನಮಗೆ, ಆಳೆತ್ತರಕ್ಕಿಂತ ಸ್ವಲ್ಪವೇ ಮೇಲೆದ್ದು, ಬೇಸಗೆಯಲ್ಲಿ ಎಲೆಯೆಲ್ಲ ಉದುರಿ, ಮುಳ್ಳು ಮಾತ್ರ ಉಳಿದು ನಿಂತ ಈ ಪೊದೆಗಳ ಸಮೂಹ ಕಾಡೆಂದೇ ತೋರುವುದಿಲ್ಲ. ‘ಬೋಳುಗುಡ್ಡ’ವೆಂದು ಕರೆದು, ಇಲ್ಲಿ ಮರ ನೆಟ್ಟು ಹಸಿರು ಮಾಡಬೇಕೆಂದು ಹೊರಡುವ ಉತ್ಸಾಹಿಗಳಿಗೂ ಕೊರತೆಯಿಲ್ಲ. ಅವರು ಮರೆಯುವುದು ಮಳೆಯ ಲೆಕ್ಕವನ್ನು. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ಮೈಸೂರಿಗೆ ಬೀಳುವುದು 800ರ ಆಸುಪಾಸು. ಅದೂ ಚೈತ್ರ ವೈಶಾಖಗಳ ಗುಡುಗುಮಳೆಯಾಗಿ ಸ್ವಲ್ಪ, ಮುಂಗಾರಿನ ಜಿನುಗಾಗಿ ಸ್ವಲ್ಪ, ಆಶ್ವಯುಜದ ಹಿಂಗಾರಾಗಿ ಇನ್ನಷ್ಟು, ಹೀಗೆ ಕಂತುಗಳಲ್ಲಿ ಬರುತ್ತದೆ. ಕೆಳಗಿರುವುದು ನಸುಗೆಂಪು ಗ್ರಾನೈಟ್ ಶಿಲೆ. ಭೂವಿಜ್ಞಾನಿಗಳ ಗಣನೆಯಂತೆ ಸುಮಾರು 80 ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲಿನ ಮಣ್ಣು ಅನೇಕ ಕಡೆ ಒಂದು ಗೇಣು ಕೂಡ ಇಲ್ಲ. ಇಷ್ಟು ತೆಳುವಾದ ಮಣ್ಣಿನಲ್ಲಿ, ಇಷ್ಟು ಅನಿಶ್ಚಿತವಾದ ಮಳೆಯಲ್ಲಿ, ವರ್ಷದಲ್ಲಿ ಐದಾರು ತಿಂಗಳ ಒಣಹವೆಯನ್ನು ತಾಳಿಕೊಂಡು ಬಾಳಬಲ್ಲ ಸಸ್ಯಗಳು ಯಾವುವೋ ಅವೇ ಇಲ್ಲಿ ನೆಲಸಿವೆ. ಅವುಗಳ ಗಿಡ್ಡತನ, ಅವುಗಳ ಚಿಕ್ಕ ಎಲೆ, ಅವುಗಳ ಮುಳ್ಳು, ಕಾಂಡದಲ್ಲಿ ಅವು ಕೂಡಿಟ್ಟುಕೊಳ್ಳುವ ನೀರು, ಇವೆಲ್ಲವೂ ಈ ನೆಲಕ್ಕೆ ತಕ್ಕ ಬಾಳುವೆಯ ಕ್ರಮವೇ ಹೊರತು ಹಾಳಾದ ಮಹಾರಣ್ಯವೊಂದರ ಅವಶೇಷವಲ್ಲ. ಕುರಿ ಮೇಕೆಗಳ ಮೇವಿಗೂ ಸೌದೆಯವರ ಕತ್ತಿಗೂ ಸಿಕ್ಕಿ ಅಲ್ಲಲ್ಲಿ ಇದು ಸವೆದಿರುವುದು ನಿಜ. ಆದರೂ ಇದನ್ನು ಬಡಕಾಡೆಂದು ಭಾವಿಸಿಕೊಂಡು ಹತ್ತುವವನಿಗೆ ಇಲ್ಲಿ ಏನೂ ಕಾಣುವುದಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ.

ಹೋಗತಕ್ಕ ಕಾಲ ಎರಡು. ಒಂದು, ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ, ಅಶ್ವಿನಿ ಭರಣಿ ಮಳೆಗಳು ಒಂದೆರಡು ಸಲ ನೆಲವನ್ನು ತೋಯಿಸಿದ ಮೇಲೆ: ಆಗ ಎಲೆಗಿಂತ ಮುಂಚಿತವಾಗಿ ಹೂವು ಬರುವ ಮರಗಳನ್ನು ಕಾಣಬಹುದು, ಕಕ್ಕೆಯ ಹಳದಿ ಗೊಂಚಲುಗಳು ತೂಗುತ್ತಿರುತ್ತವೆ. ಇನ್ನೊಂದು, ಸೆಪ್ಟೆಂಬರಿನಿಂದ ನವೆಂಬರಿನವರೆಗೆ: ಬಳ್ಳಿಗಳು, ಹುಲ್ಲುಗಳು, ಬಂಡೆಯ ಮೇಲಿನ ಅಲ್ಪಾಯುಗಳಾದ ಪುಟ್ಟ ಗಿಡಗಳು ಇವೆಲ್ಲ ತಮ್ಮ ವರ್ಷದ ವ್ಯವಹಾರವನ್ನು ಮುಗಿಸಿಕೊಳ್ಳುವ ಅವಸರದಲ್ಲಿರುವ ಕಾಲ ಅದು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಎರಡನೆಯದನ್ನು ಆರಿಸುವುದು ಮೇಲು. ಆಷಾಢ ಶುಕ್ರವಾರಗಳಲ್ಲಿಯೂ, ದೇವಿಯ ವರ್ಧಂತಿಯಂದೂ, ದಸರೆಯ ದಿನಗಳಲ್ಲಿಯೂ ಮೆಟ್ಟಿಲುಗಳು ಭಕ್ತರಿಂದ ತುಂಬಿ, ಮೆಟ್ಟಿಲುಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹೆಣ್ಣುಮಕ್ಕಳಿಗೆ ದಾರಿ ಬಿಡುವುದೇ ನಡೆಯುವವನ ಮೊದಲ ಕರ್ತವ್ಯವಾಗುತ್ತದೆ. ಅದನ್ನು ನೋಡುವುದೂ ಒಂದು ಸೊಗಸೇ, ಆದರೆ ಅದು ಬೇರೆ ಲೇಖನದ ವಸ್ತು. ವಾರದ ನಡುವಣ ಒಂದು ದಿನ, ಬೆಳಗ್ಗೆ ಏಳರ ಹೊತ್ತಿಗೆ ಪಾದದಲ್ಲಿರುವುದು ಸರಿಯಾದ ಏರ್ಪಾಡು. ಬೆಟ್ಟದ ಕಾಡಿನಲ್ಲಿ ಚಿರತೆಗಳ ಓಡಾಟವಿರುವುದರಿಂದ ಮಬ್ಬುಗತ್ತಲೆಯಲ್ಲಿ ಒಂಟಿಯಾಗಿ ಹತ್ತುವುದಾಗಲಿ ಸಂಜೆ ತಡವಾಗಿ ಇಳಿಯುವುದಾಗಲಿ ಕೂಡದು.

ಸಿದ್ಧತೆ ಹೆಚ್ಚಿನದೇನೂ ಬೇಡ. ಜಾರದ ಅಟ್ಟೆಯ ಷೂ, ತಲೆಗೆ ಟೋಪಿ, ಒಂದು ಲೀಟರ್ ನೀರು, ಮಡಚಿ ಜೇಬಿನಲ್ಲಿಟ್ಟುಕೊಳ್ಳಬಹುದಾದ ಒಂದು ಭೂತಗನ್ನಡಿ, ಬರೆದುಕೊಳ್ಳುವುದಕ್ಕೆ ಒಂದು ಚಿಕ್ಕ ಪುಸ್ತಕ. ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದರೆ ಕೋತಿಗಳು ಅದನ್ನು ಬಿಡುವುದಿಲ್ಲ. ಚೀಲದ ಒಳಗಿಡಿ, ನಂದಿಯನ್ನು ಮುಟ್ಟುವವರೆಗೆ ತೆಗೆಯಬೇಡಿ. ಸುಮ್ಮನೆ ಹತ್ತುವವರು ಮುಕ್ಕಾಲು ಗಂಟೆಯಲ್ಲಿ ಮುಟ್ಟುವ ಸ್ಥಳಕ್ಕೆ ಎರಡೂವರೆ ಗಂಟೆಯನ್ನು ಇಟ್ಟುಕೊಳ್ಳಬೇಕು. ಮೊದಲ ಮುನ್ನೂರು ಮೆಟ್ಟಿಲುಗಳು ಎಲ್ಲಕ್ಕಿಂತ ಕಡಿದು. ಏದುಸಿರು ಬಿಡುವವರಿಗೆ ಗಿಡ ನೋಡುವ ನೆಪ ಅಲ್ಲಿ ಬಹಳ ಉಪಕಾರಿ.

ಪಾದದ ಹತ್ತಿರ ಮೊದಲು ಎದುರಾಗುವುದು ಪರದೇಶದಿಂದ ಬಂದು ತಳವೂರಿದ ಸಸ್ಯವೇ ಎಂಬುದು ಖೇದಕರ. ನಾಲ್ಕು ಮೂಲೆಯ ಒರಟು ಕಾಂಡ, ಉಜ್ಜಿದರೆ ಘಾಟು ಹೊಡೆಯುವ ಎಲೆ, ಕಿತ್ತಳೆ ನಸುಗೆಂಪು ಬೆರೆತ ಹೂಗೊಂಚಲು, ಇವುಗಳಿಂದ ಯಾರೂ ಗುರುತಿಸಬಹುದಾದ ಲಂಟಾನ ಉಷ್ಣವಲಯದ ಅಮೆರಿಕದಿಂದ ಅಲಂಕಾರಕ್ಕೆಂದು ಬಂದು, ದಕ್ಷಿಣದ ಒಣಕಾಡುಗಳನ್ನೆಲ್ಲ ಆಕ್ರಮಿಸಿಕೊಂಡಿದೆ. ಹಕ್ಕಿಗಳು ಇದರ ಕಪ್ಪು ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆಗೂ ಒಯ್ಯುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಒಣಗಿದರೆ ನೆಲದ ಬೆಂಕಿಯನ್ನು ಮರದ ಕೊಂಬೆಗೆ ಏರಿಸುವ ಏಣಿಯಾಗುತ್ತದೆ. ಇದನ್ನು ಮೊದಲು ಚೆನ್ನಾಗಿ ಪರಿಚಯ ಮಾಡಿಕೊಂಡರೆ ಮುಂದೆ ಸ್ವದೇಶಿಗಳನ್ನು ಬೇರ್ಪಡಿಸಿ ನೋಡುವುದು ಸುಲಭವಾಗುತ್ತದೆ. ಎಂದರೆ ನೋಡಬೇಕಾದ ಗಿಡಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಬೇಡದ ಗಿಡಕ್ಕೇ ಸಲ್ಲುತ್ತದೆ.

ಸ್ವಲ್ಪ ಮೇಲೇರಿದೊಡನೆ ಮುಳ್ಳಿನ ರಾಜ್ಯ ಆರಂಭವಾಗುತ್ತದೆ. ಮುಳ್ಳುಗಳೆಲ್ಲವೂ ಒಂದೇ ಎಂದು ತಿಳಿಯುವುದು ಅವಸರದ ತೀರ್ಪು. ಕಾರೆಯ ಮುಳ್ಳು ನೆಟ್ಟಗಿದ್ದು, ಗೆಣ್ಣಿನ ಎರಡು ಕಡೆಗೂ ಜೋಡಿಜೋಡಿಯಾಗಿ ನಿಂತಿರುತ್ತದೆ. ಸೂರಿಮುಳ್ಳಿನದು ಕೊಕ್ಕೆಯ ಹಾಗೆ ಬಾಗಿ, ಮುಂದೆ ಹೋಗುವವನನ್ನು ಹಿಂದಕ್ಕೆ ಸೆಳೆಯುವಂಥದು. ಕವಳೆಯ ಮುಳ್ಳಿನ ಬಳಿಯಲ್ಲಿ ಎಲೆ ಮುರಿದರೆ ಹಾಲು ಒಸರುತ್ತದೆ, ಹೂವು ಮಲ್ಲಿಗೆಯನ್ನು ನೆನಪಿಗೆ ತರುವ ಬಿಳುಪಿನದು, ಹಣ್ಣು ಬೇಸಗೆಯ ಕೊನೆಯಲ್ಲಿ ಕಪ್ಪಾಗಿ ಮಾಗುತ್ತದೆ. ಬಾಡುಬಕ್ಕವೆಂಬ ಹಬ್ಬುಪೊದೆಯ ರೆಕ್ಕೆಗಾಯಿಗಳು ಕೆಂಪೇರಿದಾಗ ಇಳಿಜಾರಿನ ಆ ಭಾಗವೇ ಹೂಬಿಟ್ಟಂತೆ ದೂರದಿಂದ ತೋರುತ್ತದೆ. ಹತ್ತಿರ ಹೋದ ಮೇಲೆಯೇ ಅವು ಗಾಳಿಗೆ ಹಾರಲು ಕಾದಿರುವ ಕಾಯಿಗಳೆಂದು ತಿಳಿಯುವುದು. ಮೇಯುವ ಪ್ರಾಣಿಗಳ ಬಾಯಿಯಿಂದ ತಪ್ಪಿಸಿಕೊಂಡ ಈ ಪೊದೆಗಳ ನಡುವೆಯೇ ಅನೇಕ ಮರಗಳ ಸಸಿಗಳು ಸುರಕ್ಷಿತವಾಗಿ ಮೇಲೇಳುವುದನ್ನು ಬಗ್ಗಿ ನೋಡಿದವರು ಕಾಣಬಹುದು. ಮುಳ್ಳುಪೊದೆಯನ್ನು ಸವರಿ, ಆ ಜಾಗದಲ್ಲಿ ಗುಂಡಿ ತೋಡಿ ಸಸಿ ನೆಡುವ ಪದ್ಧತಿಯಲ್ಲಿ ಎಷ್ಟು ನಷ್ಟವಿದೆಯೆಂಬುದು ಆಗ ತಾನಾಗಿ ಮನದಟ್ಟಾಗುತ್ತದೆ.

ಮುಳ್ಳುಗಿಡಗಳ ನಡುವೆ ನಯವಾದ, ಅಂಟುಅಂಟಾಗಿ ಮಿರುಗುವ ಉದ್ದನೆಯ ಎಲೆಗಳಿಂದ ಎದ್ದು ಕಾಣುವ ಪೊದೆಯೇ ‘ಬಂದರೆ’, ಕೆಲವರ ಬಾಯಲ್ಲಿ ‘ಬಂದುರಿಕೆ’. ಅದರ ಎಲೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಬಿಟ್ಟರೆ ಸಣ್ಣ ಜಿಗುಟು ಉಳಿಯುತ್ತದೆ. ಬಿಸಿಲಿಗೆ ನೀರು ಆರಿಹೋಗದಂತೆ ಎಲೆಯ ಮೇಲೆ ಬಳಿದುಕೊಂಡಿರುವ ರಾಳದ ಪೂಸು ಅದು. ಕಾಗದದಂಥ ರೆಕ್ಕೆಗಳುಳ್ಳ ಅದರ ಕಾಯಿಗಳು ಹಸುರಿನಿಂದ ನಸುಗೆಂಪಿಗೆ ತಿರುಗುವುದನ್ನೂ ಗಮನಿಸಿ. ಇದರ ಪಕ್ಕದಲ್ಲಿ ಅರಳುವ ಹಳದಿಯ ದೊಡ್ಡ ಹೂಗಳು ತಂಗಡಿಯವು. ತಂಗಡಿಯ ತೊಗಟೆ ಚರ್ಮ ಹದಮಾಡುವವರಿಗೆ ಒಂದು ಕಾಲದಲ್ಲಿ ಮುಖ್ಯ ಸಾಮಗ್ರಿಯಾಗಿತ್ತು.

ಮರಗಳಲ್ಲಿ ಇಲ್ಲಿ ಹೆಚ್ಚು ಹೊತ್ತು ನಿಂತು ನೋಡತಕ್ಕದ್ದು ಆಲೆಮರ. ಸಸ್ಯಶಾಸ್ತ್ರಜ್ಞರು ರೈಟಿಯಾ ಟಿಂಕ್ಟೋರಿಯಾ ಎನ್ನುತ್ತಾರೆ. ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಕೈಯಲ್ಲಿ ಹಿಡಿಯದ ಕನ್ನಡದ ಮಗು ಇರಲಾರದು. ಆದರೆ ಆ ಬೊಂಬೆ ಇಂಥ ಮರದಿಂದ ಬಂತೆಂದು ಮರದ ಮುಂದೆ ನಿಂತು ಹೇಳಬಲ್ಲ ದೊಡ್ಡವರು ಎಷ್ಟು ಮಂದಿ? ಮರ ಹೆಚ್ಚು ಎತ್ತರದ್ದಲ್ಲ, ಬುಡ ದಪ್ಪವಲ್ಲ, ತೊಗಟೆಗೆ ವಿಶೇಷ ಶೋಭೆಯೂ ಇಲ್ಲ. ಎಲೆಗಳು ಎದುರುಬದುರಾಗಿ ಹೊಂದಿಕೊಂಡಿದ್ದು, ತೊಟ್ಟನ್ನು ಮುರಿದರೆ ಹಾಲು ಬರುತ್ತದೆ. ಅದೇ ಎಲೆಗಳಿಂದ ಹಿಂದೆ ನೀಲಿ ಬಣ್ಣವನ್ನು ತೆಗೆಯುತ್ತಿದ್ದರು. ಬೇಸಗೆಯ ಮಳೆಯೊಡನೆ ಬರುವ ಬಿಳಿಯ ಹೂಗಳ ಒಳಗೆ ನೂಲಿನ ಕುಚ್ಚಿನಂತೆ ಸೀಳಿದ ಎಸಳುಗಳು ಭೂತಗನ್ನಡಿಯಲ್ಲಿ ನೋಡಲು ಯೋಗ್ಯ. ಗುರುತಿಗೆ ಇದಕ್ಕಿಂತಲೂ ಖಚಿತವಾದುದು ಕಾಯಿ: ಗೇಣುದ್ದದ ಎರಡು ತೆಳುಗಾಯಿಗಳು ಒಂದೇ ತೊಟ್ಟಿನಿಂದ ಹೊರಟು, ನಡುವೆ ಬೇರೆಯಾಗಿ, ತುದಿಯಲ್ಲಿ ಮತ್ತೆ ಕೂಡಿಕೊಂಡು ಜೋತಾಡುತ್ತಿರುತ್ತವೆ. ಮಾಗಿದ ಮೇಲೆ ತುದಿ ಬಿಡಿಸಿಕೊಂಡು, ಸೀಳಿ, ರೇಷ್ಮೆಗೂದಲಿನ ಬೀಜಗಳನ್ನು ಗಾಳಿಗೆ ಒಪ್ಪಿಸುತ್ತವೆ. ಮರದ ತಿರುಳು ದಂತದ ಬಿಳುಪಿನದು, ಎಳೆಗಳು ನುಣ್ಣಗೆ ಸಮನಾಗಿರುತ್ತವೆ. ಚರಕಿಗೆ ಕೊಟ್ಟಾಗ ಸೀಳದೆ ಉಂಡೆಯಾಗಿ ಉರುಳುವ ಗುಣ ಅದರಿಂದಲೇ ಬಂದುದು.

ಇಂಥದೇ ಸಾಮಾನ್ಯ ವೇಷದಲ್ಲಿ ಮರೆಯಾಗಿ ನಿಂತಿರುವ ಇನ್ನೊಂದು ಮರ ಶ್ರೀಗಂಧ. ಹೆಸರು ಕೇಳಿ ಸುವಾಸನೆಯನ್ನು ನಿರೀಕ್ಷಿಸಿ ಹತ್ತಿರ ಹೋದವನಿಗೆ ಎಲೆಯಲ್ಲಾಗಲಿ ಹೂವಿನಲ್ಲಾಗಲಿ ತೊಗಟೆಯಲ್ಲಾಗಲಿ ಅದು ದೊರೆಯುವುದಿಲ್ಲ; ವಯಸ್ಸಾದ ಮರದ ಒಳತಿರುಳಿನಲ್ಲಿ ಮಾತ್ರ ಆ ಎಣ್ಣೆ ಕೂಡಿಕೊಳ್ಳುತ್ತದೆ. ತನ್ನ ಆಹಾರವನ್ನು ಎಲೆಗಳಲ್ಲಿ ತಾನೇ ತಯಾರಿಸಿಕೊಂಡರೂ, ನೆಲದಡಿಯಲ್ಲಿ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರನ್ನೂ ಲವಣಗಳನ್ನೂ ಸೆಳೆದುಕೊಳ್ಳುವ ಅರೆಪರಾವಲಂಬಿ ಇದು. ಆದುದರಿಂದ ಸುತ್ತಣ ಪೊದೆಗಳಿಲ್ಲದೆ ಶ್ರೀಗಂಧವಿಲ್ಲ. ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಸ್ಥಾಪನೆಯಾಗುವುದಕ್ಕೆ ಹಿಂದೆಯೂ ಈ ಮರ ರಾಜ್ಯದ ಭಂಡಾರಕ್ಕೆ ಆಧಾರವಾಗಿತ್ತು. ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸ್ವತ್ತೆಂಬ ಕಟ್ಟಳೆ 2001ರ ತಿದ್ದುಪಡಿಯವರೆಗೂ ನಡೆದುಬಂತು. ಹಾದಿಯ ಪಕ್ಕದಲ್ಲಿ ಇದರ ಸಸಿಯನ್ನು ಗುರುತಿಸಿದವರು ಆ ಸಂತೋಷವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ: ಚಿತ್ರವನ್ನು ತೆಗೆದು, ಇಂಥ ಮೆಟ್ಟಿಲ ಬಳಿ ಇದೆಯೆಂದು ಊರಿಗೆಲ್ಲ ಸಾರುವುದರಿಂದ ಉಪಕಾರವಾಗುವುದು ಕಳ್ಳರಿಗೇ.

ಬಳ್ಳಿಗಳ ವಿಷಯದಲ್ಲಿ ಮೂರನ್ನು ಮಾತ್ರ ಹೆಸರಿಸುತ್ತೇನೆ. ನಾಲ್ಕು ಏಣುಗಳ, ಗೆಣ್ಣುಗೆಣ್ಣಾಗಿ ಜೋಡಿಸಿದಂತಿರುವ ಹಸುರು ಕಾಂಡದಿಂದ ಪೊದೆಗಳ ಮೇಲೆ ಹರಡುವ ಮಂಗರವಳ್ಳಿಯನ್ನು ಅಜ್ಜಿಯರ ಚಟ್ನಿಯ ಮೂಲಕ ಬಲ್ಲವರು ಇನ್ನೂ ಇದ್ದಾರೆ. ಸೊಗದೆಯ ಬಳ್ಳಿ ದಾರದಷ್ಟು ತೆಳು. ಕಿರಿದಾದ ಎಲೆಯ ನಡುನರದ ಗುಂಟ ಬಿಳಿಯ ಗೆರೆಯೊಂದು ಹರಿದಿರುವುದೇ ಅದರ ಗುರುತು. ಬೇರಿನ ಪರಿಮಳ ಶರಬತ್ತಿನಲ್ಲಿ ಸವಿಯಲು ದೊರೆಯುತ್ತದೆ, ಇಲ್ಲಿ ಅಗೆಯುವ ಅಗತ್ಯವಿಲ್ಲ. ಮೂರನೆಯದು ಅಗ್ನಿಶಿಖೆ. ಎಲೆಯ ತುದಿಯನ್ನೇ ಕುಡಿಯಾಗಿ ಸುರುಳಿಸುತ್ತಿ ಪಕ್ಕದ ಗಿಡವನ್ನು ಹಿಡಿದು ಏರುವ ಇದರ ಹೂವು ಅರಳುವಾಗ ಹಸುರುಹಳದಿ, ಮುದುಡುವ ಹೊತ್ತಿಗೆ ಕಡುಗೆಂಪು. ಗಡ್ಡೆಯಿಂದ ಬೀಜದವರೆಗೆ ಗಿಡವೆಲ್ಲ ವಿಷವಾದುದರಿಂದ ಜೊತೆಗೆ ಬಂದ ಮಕ್ಕಳಿಗೆ ಮುಟ್ಟಬಾರದೆಂದು ಮೊದಲೇ ತಿಳಿಸಿರಬೇಕು.

ಮರದ ಕೊಂಬೆಗಳಲ್ಲಿ ಒಂದೆಡೆ ಬೇರೆ ಬಗೆಯ ಎಲೆಗಳ ದಟ್ಟನೆಯ ಗುಂಪು ಕಂಡರೆ ಅದು ಬದನಿಕೆ. ಅದರ ಹಣ್ಣಿನ ಬೀಜಕ್ಕೆ ಎಷ್ಟು ಅಂಟೆಂದರೆ, ಅದನ್ನು ತಿಂದ ಪುಟ್ಟ ಹಕ್ಕಿ ಹಿಂಭಾಗದಿಂದ ಬೀಜ ಬೀಳದೆ ಪರದಾಡಿ, ಕೊನೆಗೆ ಕೊಂಬೆಗೆ ಮೈಯುಜ್ಜಿ ಅಲ್ಲಿಗೇ ಅಂಟಿಸಿ ಹೋಗುತ್ತದೆ. ಬೀಜಕ್ಕೂ ಬೇಕಾದುದು ಅದೇ.

ಇನ್ನು ಬಂಡೆ. ಹಾದಿಯ ನಡುವಣ ಭಾಗದಲ್ಲಿ ಪೊದೆಗಳು ವಿರಳವಾಗಿ, ಬೋಳುಗಲ್ಲಿನ ಹಾಸುಗಳು ಮೇಲೆದ್ದಿರುವ ಎಡೆಗೆ ಬಂದಾಗ, ಬೆನ್ನನ್ನು ಊರಿನ ನೋಟಕ್ಕೆ ತಿರುಗಿಸಿ ಕಲ್ಲಿನ ಕಡೆಗೆ ಮುಖ ಮಾಡುವಷ್ಟು ಸಂಯಮ ಬೇಕು. ಕೆಳಗೆ ರೇಸ್‌ಕೋರ್ಸಿನ ದುಂಡುಗೆರೆಯೂ ಅರಮನೆಯ ಗುಮ್ಮಟಗಳೂ ಕಾಣುವುದರಿಂದ ಇದು ಸುಲಭವಲ್ಲ. ಕಲ್ಲಿನ ಮೇಲೆ ಬೂದಿ, ಹಸುರು, ಕಿತ್ತಳೆ ಬಣ್ಣದ ತೇಪೆಗಳಾಗಿ ಹರಡಿರುವುದು ಅಡುಗೆಯ ಮಸಾಲೆಗೆ ಬೀಳುವ ಕಲ್ಲುಹೂವಿನ ಬಂಧುಗಳು: ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಅವುಗಳ ಕೊಳೆತ ಪುಡಿ, ಗಾಳಿ ತಂದ ಧೂಳು, ಕಲ್ಲಿನ ಚೂರು ಇವು ಬಿರುಕಿನಲ್ಲಿ ಕೂಡಿಕೊಂಡಲ್ಲಿ ಮಯೂರಶಿಖೆಯೆಂಬ ಪುಟ್ಟ ಜರಿಗಿಡ ಬೇರೂರುತ್ತದೆ. ಬೆರಳುದ್ದದ ತೊಟ್ಟಿನ ತುದಿಯಲ್ಲಿ ಬೀಸಣಿಗೆಯ ಆಕಾರಕ್ಕೆ ಸೀಳಿಕೊಂಡ ಎಲೆ. ತಾಳೆಮರವನ್ನು ಬೊಂಬೆಮನೆಗೆ ಅಳೆದು ಮಾಡಿಸಿದಂತಿದೆ. ಫೆಬ್ರವರಿಯಲ್ಲಿ ಬಂದವರು ಇದನ್ನು ಕಂದುಬಣ್ಣಕ್ಕೆ ತಿರುಗಿ, ಎಲೆಗಳೆಲ್ಲ ಒಳಕ್ಕೆ ಸುರುಳಿಗೊಂಡ ಸತ್ತ ಹುಲ್ಲಿನ ಕಡ್ಡಿಯೆಂದೇ ಎಣಿಸುತ್ತಾರೆ. ಸತ್ತಿರುವುದಿಲ್ಲ. ಜೀವಕೋಶಗಳ ನೀರೆಲ್ಲ ಆರಿಹೋದರೂ ಕೋಶ ಹರಿಯದಂತೆ ಕಾಪಾಡಿಕೊಳ್ಳುವ ಶಕ್ತಿ ಇದಕ್ಕಿರುವುದರಿಂದ, ಮಳೆ ಬಿದ್ದ ಕೆಲವು ತಾಸುಗಳಲ್ಲಿ ಎಲೆ ಬಿಚ್ಚಿಕೊಂಡು ಹಸುರಾಗುತ್ತದೆ. ಶೀಶೆಯ ನೀರನ್ನು ಚಿಮುಕಿಸಿ ಪರೀಕ್ಷಿಸುವ ಆಸೆ ಎಲ್ಲರಿಗೂ ಆಗುವಂಥದು. ಅರ್ಧ ಎಚ್ಚರಗೊಂಡು ಮತ್ತೆ ಒಣಗುವುದರಲ್ಲಿ ಗಿಡಕ್ಕೆ ವೃಥಾ ವ್ಯಯವಾಗುವುದರಿಂದ ಅದನ್ನು ಮಾಡದಿರುವುದು ವಿಹಿತ. ಮಳೆಯ ಮರುದಿನ ಬಂದರೆ ಪರೀಕ್ಷೆಯ ಫಲ ತಾನಾಗಿಯೇ ಕಣ್ಣಮುಂದಿರುತ್ತದೆ.

ಬಂಡೆಗೂ ಪೊದೆಗೂ ನಡುವಣ ಅಂಚಿನಲ್ಲಿ ಹುಲ್ಲು. ನವೆಂಬರಿನ ಹೊತ್ತಿಗೆ ಷರಾಯಿಯ ಅಂಚಿಗೆಲ್ಲ ನಾಟಿಕೊಂಡು ಚುಚ್ಚುವ ಸೂಜಿಹುಲ್ಲಿನ ಕಾಳೊಂದನ್ನು ಕಿತ್ತು, ಅಂಗೈಯಲ್ಲಿಟ್ಟು, ಅದರ ಉದ್ದನೆಯ ಬಾಲಕ್ಕೆ ಒಂದು ತೊಟ್ಟು ನೀರು ತಾಕಿಸಿ: ಸುತ್ತಿಕೊಂಡಿದ್ದ ಬಾಲ ಬಿಚ್ಚುತ್ತ ತಿರುಗತೊಡಗುತ್ತದೆ. ನೆಲದ ಮೇಲೆ ರಾತ್ರಿಯ ಇಬ್ಬನಿಗೆ ಬಿಚ್ಚಿ, ಹಗಲ ಬಿಸಿಲಿಗೆ ಮತ್ತೆ ಸುತ್ತಿಕೊಂಡು, ಈ ತಿರುಗಾಟದಿಂದಲೇ ಬೀಜ ತನ್ನ ಮೊನೆಯನ್ನು ಮಣ್ಣಿಗೆ ಇಳಿಸಿಕೊಳ್ಳುತ್ತದೆ. ಈ ಒಂದು ಪರೀಕ್ಷೆಯನ್ನು ಮಾತ್ರ ಧಾರಾಳವಾಗಿ ಮಾಡಬಹುದು. ಬಟ್ಟೆಗೆ ಅಂಟಿ ಬಂದ ಕಾಳಿಗೆ ಅದರಿಂದ ಹಾನಿಯಿಲ್ಲ.

ಇದೇ ಹುಲ್ಲು ಜನವರಿಯಿಂದ ಮಾರ್ಚಿಯವರೆಗೆ ಬೆಂಕಿಗೆ ಆಹುತಿಯಾಗಲು ಸಿದ್ಧವಾಗಿರುತ್ತದೆ. 2025ರ ಫೆಬ್ರವರಿಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದುದನ್ನು ಊರಿನವರೆಲ್ಲ ಕೆಳಗಿನಿಂದಲೇ ಕಂಡರು. ಬೀಡಿಯ ತುಂಡಾಗಲಿ ಕರ್ಪೂರದ ಉರಿಯಾಗಲಿ ಹಾದಿಯ ಬದಿಯ ಒಣಹುಲ್ಲಿಗೆ ಸೋಕದಂತೆ ನೋಡಿಕೊಳ್ಳುವುದು ಭಕ್ತರಿಗೂ ಸಸ್ಯಪ್ರಿಯರಿಗೂ ಸಮಾನವಾದ ಧರ್ಮ. ಮಳೆಯ ಕಡೆಯ ಅಪಾಯ ಇನ್ನೊಂದು ಬಗೆಯದು: 2021ರ ಅಕ್ಟೋಬರಿನ ಭಾರಿ ಮಳೆಗೆ ನಂದಿಯ ಕಡೆಗೆ ಹೋಗುವ ವಾಹನದ ರಸ್ತೆಯೇ ಒಂದೆಡೆ ಕುಸಿದುಬಿತ್ತು. ಜೋರು ಮಳೆ ಹಿಡಿದ ದಿನ ಮೆಟ್ಟಿಲುಗಳೂ ಜಾರುತ್ತವೆ, ಕಾರ್ಯಕ್ರಮವನ್ನು ಮುಂದೂಡಿ.

ಮೆಟ್ಟಿಲ ಹಾದಿಯನ್ನು ಬಿಟ್ಟು ಕಾಡಿನೊಳಕ್ಕೆ ಇಳಿಯಕೂಡದು. ಇದು ಮೀಸಲು ಅರಣ್ಯವಾದುದರಿಂದ ಕಾನೂನಿನ ಅಡ್ಡಿಯಿದೆಯೆಂಬುದು ಒಂದು ಕಾರಣ. ಬಂಡೆಯ ಮೇಲಣ ಆ ತೆಳುಮಣ್ಣಿನ ಪದರ ಒಬ್ಬನ ಹೆಜ್ಜೆಗೂ ಕಿತ್ತುಬರುವಷ್ಟು ಸಡಿಲವೆಂಬುದು ಅದಕ್ಕಿಂತ ದೊಡ್ಡ ಕಾರಣ. ಹಣ್ಣಿನ ಬೀಜಗಳನ್ನೋ ಬೀಜದುಂಡೆಗಳನ್ನೋ ಚೀಲದಲ್ಲಿ ತಂದು ಎರಚುವ ಪರಿಪಾಠವನ್ನೂ ಬಿಡಬೇಕು. ಇಲ್ಲಿಗೆ ಬೇಕಾದ ಬೀಜಗಳೆಲ್ಲ ಇಲ್ಲಿಯೇ ಇವೆ, ಅವನ್ನು ಬಿತ್ತುವ ಗಾಳಿಯೂ ಹಕ್ಕಿಯೂ ಇವೆ. ಸೇವೆ ಮಾಡಲೇಬೇಕೆಂಬ ಹಂಬಲವುಳ್ಳವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಬಲ್ಲವರ ಕೈಕೆಳಗೆ, ಲಂಟಾನವನ್ನು ಬುಡಸಹಿತ ಕೀಳುವ ಕೆಲಸಕ್ಕೆ ಸೇರಬಹುದು; ಫೋಟೋಗೆ ಒದಗುವ ಕೆಲಸ ಅದಲ್ಲವಾದ್ದರಿಂದ ಜನ ಸೇರುವುದು ಕಡಮೆ.

ಗುರುತು ಹತ್ತದ ಗಿಡ ಸಿಕ್ಕಾಗ ಕೊಂಬೆ ಮುರಿದು ತರುವ ಬದಲು, ಎಲೆಯ ಜೋಡಣೆ ಎದುರೋ ಪರ್ಯಾಯವೋ, ಮುರಿದುಬಿದ್ದ ಎಲೆಯಲ್ಲಿ ಹಾಲಿದೆಯೋ ಇಲ್ಲವೋ, ಮುಳ್ಳು ಎಲ್ಲಿಂದ ಹುಟ್ಟಿದೆ, ಹೂವಿಗೆ ಎಸಳೆಷ್ಟು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಂಡರೆ ಸಾಕು; ಮನೆಗೆ ಬಂದ ಮೇಲೆ ಹೆಸರು ಹುಡುಕಲು ಅಷ್ಟು ಆಧಾರ ಇದ್ದರೆ ಕೆಲಸ ನಡೆಯುತ್ತದೆ. ಆಳವಾಗಿ ತಿಳಿಯಬಯಸುವವರಿಗೆ ಮೈಸೂರು ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತು ರಾವ್ ಮತ್ತು ರಜಿ ಎಂಬ ವಿದ್ವಾಂಸರಿಬ್ಬರು ಸಿದ್ಧಪಡಿಸಿ 1981ರಲ್ಲಿ ಪ್ರಕಟವಾದ ಗ್ರಂಥ ದೊಡ್ಡ ಗ್ರಂಥಾಲಯಗಳಲ್ಲಿ ದೊರೆಯುತ್ತದೆ. ಇಂಗ್ಲಿಷಿನಲ್ಲಿರುವ ಶಾಸ್ತ್ರಗ್ರಂಥವಾದ್ದರಿಂದ ಮೊದಲ ನಡಿಗೆಗೆ ಅದು ಬೇಕಾಗಲಾರದು.

ನಂದಿಯ ಬಳಿ ಮೆಟ್ಟಿಲು ಹಾದಿಯೂ ವಾಹನದ ರಸ್ತೆಯೂ ಸಂಧಿಸುತ್ತವೆ. ಎಳನೀರು, ಮಜ್ಜಿಗೆ, ಚುರುಮುರಿ ದೊರೆಯುವುದು ಇಲ್ಲಿಯೇ. ಮಂಡಿನೋವಿನವರು ಬಂದ ಮೆಟ್ಟಿಲಲ್ಲಿಯೇ ಇಳಿಯುವುದಕ್ಕಿಂತ, ಉಳಿದ ಮೆಟ್ಟಿಲುಗಳನ್ನು ನಿಧಾನವಾಗಿ ಏರಿ ದೇವಸ್ಥಾನದ ಬಳಿಯಿಂದ ನಗರ ಬಸ್ಸನ್ನು ಹಿಡಿದು ಹಿಂದಿರುಗುವುದು ಉತ್ತಮ. ಇಳಿತದಲ್ಲಿ ಮಂಡಿಯ ಮೇಲೆ ಬೀಳುವ ಭಾರ ಏರಿಕೆಯದಕ್ಕಿಂತ ಹೆಚ್ಚು. ಮೆಟ್ಟಿಲಲ್ಲಿಯೇ ಇಳಿಯುವವರು ಹತ್ತು ಗಂಟೆಯ ಬಿಸಿಲೇರುವುದಕ್ಕೆ ಮೊದಲು ಹೊರಟು, ಹತ್ತುವಾಗ ಎಡಕ್ಕೆ ನೋಡಿದ್ದರೆ ಇಳಿಯುವಾಗಲೂ ಎಡಕ್ಕೇ ನೋಡಲಿ. ಆಗ ಹಾದಿಯ ಎರಡು ಮಗ್ಗುಲೂ ಒಂದೇ ಬೆಳಗಿನಲ್ಲಿ ಮುಗಿಯುತ್ತವೆ.